ಚಪ್ಪಲಿ ಬಿಡುವ ಮೆಟ್ಟಿಲು

ಕಡಲು ಇನ್ನೇನು ಸಿಕ್ಕಿತು ಅನ್ನುವಲ್ಲಿ ಹೊಳೆಗೆ ಸ್ವಲ್ಪ ಸೋಮಾರಿತನ ಬರುತ್ತದೆ. ಅಂಥ ಒಂದು ಕಡೆ, ಮೆಣಸಿನ ಮಂಡಿಗಳ ಹಿಂದೆ, ಯೆಹೂದಿಗಳ ಬೀದಿಯೊಂದಿತ್ತು. ಬೀದಿಯ ಕೊನೆಯಲ್ಲಿ ಅವರ ಪ್ರಾರ್ಥನೆಯ ಮನೆ.

ಶಬ್ದಾಯಿ ಎಂಬವರು ಅಲ್ಲಿಯ ಗುರುಗಳು. ಮುದುಕರು. ನಫ್ತಾಲಿ ಅವರ ಶಿಷ್ಯ, ಇಪ್ಪತ್ತರ ಹುಡುಗ, ಮೆಣಸಿನ ವ್ಯಾಪಾರದವರ ಮನೆಯವನು.

ನಫ್ತಾಲಿ ಬುದ್ಧಿವಂತ. ಅದು ಅವನಿಗೂ ಗೊತ್ತಿತ್ತು. ಅದೇ ತಾಪತ್ರಯ.

ಒಂದು ಸಂಜೆ ಹೊಳೆಯ ದಂಡೆಯಲ್ಲಿ ಕೂತು ಅವನು ಕೇಳಿದ: "ಗುರುಗಳೇ, ಲೋಕದಲ್ಲಿ ಇಷ್ಟೊಂದು ಜನ ಇರುವಾಗ ದೇವರು ನಮ್ಮನ್ನೇ ಯಾಕೆ ಆರಿಸಿದ?"

"ಆರಿಸಿದವನು ಅವನು. ನನ್ನನ್ನ ಕೇಳಿದ್ರೆ?"

"ಶಾಸ್ತ್ರದ ಸುರುಳಿ ಬಿಚ್ಚಿ ಓದೋಕೆ ಮುಂಚೆ ಪ್ರತಿ ಸಲ ಹೇಳ್ತೀವಲ್ಲ, ನಮ್ಮನ್ನ ಆರಿಸಿಕೊಂಡವನಿಗೆ ಸ್ತೋತ್ರ ಅಂತ. ಕಾರಣ ಗೊತ್ತಿಲ್ಲದೆ ಹೇಗೆ ಹೇಳೋದು?"

ಗುರುಗಳು ಕಾಲನ್ನು ನೀರಿಗೆ ಇಳಿಬಿಟ್ಟರು.

"ಪಸ್ಕ ಹಬ್ಬದ ದಿನ ಊಟಕ್ಕೆ ಕೂತಾಗ ಮೊದಲು ಏನು ಹೇಳ್ತೀವಿ?"

"ಈಜಿಪ್ಟಿನಲ್ಲಿ ನಾವು ಜೀತದಾಳುಗಳಾಗಿದ್ವಿ, ದೇವರು ಬಿಡಿಸಿಕೊಂಡು ಬಂದ ಅಂತ."

"ಅದನ್ನ ಹೇಳುವಾಗ ನೀನು ಎಲ್ಲಿ ನೋಡ್ತಾ ಇರ್ತೀಯ?"

ನಫ್ತಾಲಿಗೆ ಸುಳ್ಳು ಹೇಳುವ ಅಭ್ಯಾಸ ಇರಲಿಲ್ಲ. "ತಟ್ಟೆಯಲ್ಲಿರೋ ರೊಟ್ಟಿ ನೋಡ್ತಾ ಇರ್ತೀನಿ. ಹಸಿವಾಗಿರುತ್ತೆ."

ಗುರುಗಳು ನಕ್ಕರು. "ಆ ರೊಟ್ಟಿ ಸುಟ್ಟವರು ಯಾರು?"

"ಮಲ್ಕಾ ಅಜ್ಜಿ."

"ಹಾಗಾದ್ರೆ ಅಲ್ಲಿಂದ ಯೋಚನೆ ಶುರು ಮಾಡು," ಎಂದು ಹೇಳಿ ಅವರು ಎದ್ದು ಮನೆಗೆ ಹೋದರು.

ನಫ್ತಾಲಿ ಶುರು ಮಾಡಲಿಲ್ಲ. ಗುರುಗಳಿಗೆ ವಯಸ್ಸಾಯಿತು, ಉತ್ತರ ಗೊತ್ತಿಲ್ಲದಿದ್ದಾಗ ಹೀಗೆ ಜಾರಿಕೊಳ್ಳುತ್ತಾರೆ ಎಂದುಕೊಂಡ.

*

ಆ ಬೀದಿಯಲ್ಲಿ ಎರಡು ಬಗೆಯ ಯೆಹೂದಿಗಳಿದ್ದರು.

ಕೆಲವರ ಹಿರಿಯರು ಹಡಗಿನಲ್ಲಿ ಬಂದವರು. ಇನ್ನು ಕೆಲವರ ಹಿರಿಯರು, ಹಾಗೆ ಬಂದವರ ಮನೆಗಳಲ್ಲಿ ಜೀತಕ್ಕಿದ್ದು, ಅವರ ಧರ್ಮವನ್ನೇ ಹಿಡಿದು, ಆಮೇಲೆ ಬಿಡುಗಡೆಯಾದವರು. ಜೀತ ಹೋಗಿ ಎಷ್ಟೋ ತಲೆಮಾರು ಕಳೆದಿತ್ತು. ಎರಡೂ ಕಡೆಯವರು ಹೇಳುವ ಪ್ರಾರ್ಥನೆ ಒಂದೇ, ಹಿಡಿಯುವ ಉಪವಾಸ ಒಂದೇ, ವಾರಕ್ಕೊಮ್ಮೆ ಬಿಡುವಿನ ಸಬ್ಬತ್ ದಿನ ಒಲೆ ಹೊತ್ತಿಸದೆ ತಿನ್ನುವ ತಂಗಳೂ ಒಂದೇ.

ಕೂರುವ ಜಾಗ ಮಾತ್ರ ಬೇರೆ.

ಆ ಊರಿನಲ್ಲಿ ಪ್ರಾರ್ಥನೆಯ ಮನೆಗೆ ಬರಿಗಾಲಲ್ಲಿ ಹೋಗಬೇಕು. ಬಾಗಿಲ ಮುಂದಿನ ಅಗಲವಾದ ಮೆಟ್ಟಿಲ ಮೇಲೆ ಎಲ್ಲರೂ ಚಪ್ಪಲಿ ಬಿಡುತ್ತಿದ್ದರು. ಹಡಗಿನವರು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಬಿಡುಗಡೆಯಾದವರ ಮಕ್ಕಳು ಚಪ್ಪಲಿ ಬಿಟ್ಟು ಅಲ್ಲೇ, ಚಪ್ಪಲಿಗಳ ಮಧ್ಯೆ ಕೂರುತ್ತಿದ್ದರು. ಅವರನ್ನು ಸುರುಳಿ ಓದಲು ಕರೆಯುತ್ತಿರಲಿಲ್ಲ. ಪ್ರಾರ್ಥನೆ ನಡೆಯಲು ಬೇಕಾದ ಹತ್ತು ಗಂಡಸರ ಲೆಕ್ಕಕ್ಕೂ ಸೇರಿಸುತ್ತಿರಲಿಲ್ಲ.

ಶಾಸ್ತ್ರದಲ್ಲಿ ಹೀಗೇನೂ ಇಲ್ಲ. ಬಿಡುಗಡೆಯಾದವನು ಪೂರ್ತಿ ಯೆಹೂದಿ ಎಂದೇ ಶಾಸ್ತ್ರ ಹೇಳುತ್ತದೆ. ಆದರೆ ಹಿಂದಿನಿಂದ ನಡೆದುಬಂದದ್ದು ಎಂಬ ಒಂದು ಮಾತಿದೆಯಲ್ಲ, ಅದರ ಮುಂದೆ ಶಾಸ್ತ್ರ ಎಷ್ಟು ಹೊತ್ತು ನಿಂತೀತು?

ಮೆಟ್ಟಿಲ ಕಡೆಯ ಮನೆಗಳು ಒಂದೊಂದಾಗಿ ಬೇರೆ ಊರುಗಳಿಗೆ ಹೊರಟುಹೋಗಿದ್ದವು. ಉಳಿದದ್ದು ಒಂದೇ ಮನೆ. ಮಲ್ಕಾ ಅಜ್ಜಿ, ಅವಳ ಮಗ ಒವಾದ್ಯ, ಅವನ ಹೆಂಡತಿ.

ಒವಾದ್ಯ ದೋಣಿ ರಿಪೇರಿಯವನು. ಮುಂಗೋಪಿ. ಪ್ರಾರ್ಥನೆಯ ಮಧ್ಯೆ ಗಟ್ಟಿಯಾಗಿ ಕೆಮ್ಮುತ್ತಿದ್ದ, ಯಾರಾದರೂ ತಿರುಗಿ ನೋಡಿದರೆ ಇನ್ನೂ ಗಟ್ಟಿಯಾಗಿ ಕೆಮ್ಮುತ್ತಿದ್ದ.

ಮಲ್ಕಾ ಅಜ್ಜಿ ಹಾಗಲ್ಲ. ಪಸ್ಕ ಬಂತೆಂದರೆ ಇಡೀ ಬೀದಿಗೆ ಹುಳಿಯಿಲ್ಲದ ರೊಟ್ಟಿ ಸುಡುವವಳು ಅವಳೇ. ಹಿಟ್ಟಿಗೆ ನೀರು ಬಿದ್ದಮೇಲೆ ಅದು ಉಬ್ಬುವ ಮೊದಲು ರೊಟ್ಟಿ ಒಲೆಗೆ ಹೋಗಬೇಕು. ಆ ಗಡಿಬಿಡಿಯಲ್ಲಿ ಹೆಂಗಸರನ್ನೆಲ್ಲ ಬೈಯುತ್ತಾ, ಹಾಡು ಹೇಳಿಸುತ್ತಾ, ಕೆಲಸ ಮುಗಿಸಿಬಿಡುತ್ತಿದ್ದಳು. ನಫ್ತಾಲಿ ಚಿಕ್ಕವನಿದ್ದಾಗ ಅವಳ ಸೆರಗು ಹಿಡಿದು ನಿಂತಿರುತ್ತಿದ್ದ. ಮುರಿದ ರೊಟ್ಟಿಗಳೆಲ್ಲ ಅವನಿಗೇ. ಅವನಿಗೋಸ್ಕರ ಅವಳು ಬೇಕೆಂದೇ ಒಂದೆರಡು ಮುರಿಯುತ್ತಿದ್ದಳು.

ಆ ಮಲ್ಕಾ ಅಜ್ಜಿ ತೀರಿಕೊಂಡಳು.

*

ಮಣ್ಣು ಮಾಡಿ ಬಂದ ದಿನವೇ ಗುರುಗಳಿಗೆ ಜ್ವರ ಹಿಡಿಯಿತು.

ಅವರು ನಫ್ತಾಲಿಯನ್ನು ಹಾಸಿಗೆಯ ಹತ್ತಿರ ಕರೆದರು. "ನಾಳೆಯಿಂದ ಪ್ರಾರ್ಥನೆ ನೀನೇ ನಡೆಸು. ಒವಾದ್ಯ ಬರ್ತಾನೆ, ತಾಯಿಗೋಸ್ಕರ ಕದ್ದಿಶ್ ಹೇಳಬೇಕು. ಅದು ತಪ್ಪಬಾರದು."

ಕದ್ದಿಶ್ ಎಂದರೆ ತಂದೆತಾಯಿ ಸತ್ತಾಗ ಮಗ ಹೇಳುವ ಪ್ರಾರ್ಥನೆ. ಹನ್ನೊಂದು ತಿಂಗಳು ಹೇಳಬೇಕು. ಒಬ್ಬನೇ ಮೂಲೆಯಲ್ಲಿ ಕೂತು ಹೇಳುವಂತಿಲ್ಲ. ಹತ್ತು ಜನ ಸೇರಬೇಕು, ಅವರು ಆಮೆನ್ ಅನ್ನಬೇಕು. ಒಳಗೆ ಹತ್ತು ಜನರಿದ್ದರೆ ಮೆಟ್ಟಿಲ ಮೇಲಿನವನೂ ಅಲ್ಲಿಂದಲೇ ಹೇಳಬಹುದಿತ್ತು.

ಆ ಹೊತ್ತಿಗೆ ಹಡಗಿನವರ ಮನೆಗಳೂ ಖಾಲಿಯಾಗುತ್ತಾ ಬಂದಿದ್ದವು. ಗುರುಗಳೂ ಸೇರಿ ಒಳಗೆ ಕೂರುವವರು ಸರಿಯಾಗಿ ಹತ್ತು ಜನ. ಈಗ ಗುರುಗಳು ಹಾಸಿಗೆ ಹಿಡಿದಿದ್ದರು.

ಮರುದಿನ ಬೆಳಿಗ್ಗೆ ನಫ್ತಾಲಿ ಜನರನ್ನು ಎಣಿಸಲು ನಿಂತ.

ಯೆಹೂದಿಗಳು ಮನುಷ್ಯರನ್ನು ಒಂದು, ಎರಡು ಎಂದು ಎಣಿಸುವುದಿಲ್ಲ. ಮನುಷ್ಯರು ಮೆಣಸಿನ ಮೂಟೆಗಳಲ್ಲ ಎಂದು ಅವರ ಭಾವನೆ. ಹತ್ತು ಪದಗಳ ಒಂದು ಪ್ರಾರ್ಥನೆಯ ಸಾಲಿದೆ. ಒಬ್ಬೊಬ್ಬರ ಕಡೆ ನೋಡಿ ಒಂದೊಂದು ಪದ ಹೇಳುತ್ತಾ ಹೋಗುತ್ತಾರೆ. ಸಾಲು ಮುಗಿದರೆ ಹತ್ತು ಜನ ಸೇರಿದರು ಎಂದು ಅರ್ಥ.

ನಫ್ತಾಲಿ ಮೊದಲ ಪದವನ್ನು ತನಗೆ ಹೇಳಿಕೊಂಡ. ಒಬ್ಬೊಬ್ಬರನ್ನೇ ನೋಡುತ್ತಾ ಬಂದ. ಒಂಬತ್ತನೆಯ ಪದ ಅವನ ಚಿಕ್ಕಪ್ಪ ಅಜಾರ್ಯನಿಗೆ ಬಂತು.

ಕೊನೆಯ ಪದ ಉಳಿಯಿತು.

ತೆರೆದ ಬಾಗಿಲಾಚೆ ಒವಾದ್ಯ ಕೂತಿದ್ದ. ಸಾವಿನ ಮನೆಯವರ ರೂಢಿಯಂತೆ ಅಂಗಿಯ ಕೊರಳು ಹರಿದುಕೊಂಡಿದ್ದ. ಅವನು ನಫ್ತಾಲಿಯ ಬಾಯನ್ನೇ ನೋಡುತ್ತಿದ್ದ.

"ಒಬ್ಬರು ಕಮ್ಮಿ," ಎಂದ ನಫ್ತಾಲಿ.

"ನಾನು ಇಲ್ಲೇ ಇದೀನಲ್ಲ," ಎಂದ ಒವಾದ್ಯ.

ಅಜಾರ್ಯ ತನ್ನ ಕೈಬೆರಳಿನ ಉಗುರು ನೋಡಿಕೊಂಡ. ಹಾಗೆ ಉಗುರು ನೋಡಿಕೊಂಡೇ ಆತ ಬೀದಿಯ ಎಷ್ಟೋ ಮಾತುಗಳನ್ನು ನಿಲ್ಲಿಸಿದ್ದ.

ನಫ್ತಾಲಿಗೆ ಶಾಸ್ತ್ರ ಗೊತ್ತಿತ್ತು. ಯಾವ ಪುಟದಲ್ಲಿದೆ ಎಂದೂ ಗೊತ್ತಿತ್ತು.

"ಒಳಗಿನವರು ಒಬ್ಬರು ಬೇಕು ಒವಾದ್ಯಣ್ಣ," ಎಂದ ಅವನು. "ಇವತ್ತು ಹೋಗು. ನಾಳೆ ನೋಡೋಣ."

ಒವಾದ್ಯ ಚಪ್ಪಲಿ ಮೆಟ್ಟಿಕೊಂಡು ಹೋದ. ಕೆಮ್ಮಲಿಲ್ಲ.

ಮರುದಿನವೂ ಬಂದ. ಮತ್ತೆ ಕೊನೆಯ ಪದ ಉಳಿಯಿತು. ಅದರ ಮರುದಿನವೂ ಬಂದ. ಗುರುಗಳ ಜ್ವರ ಇಳಿಯಲಿಲ್ಲ, ನಫ್ತಾಲಿ ದಿನಾ ಅದೇ ಮಾತು ಹೇಳಿದ. ಹೇಳಿ ಹೇಳಿ ಮಾತು ಸಲೀಸಾಯಿತು.

ಒಂದು ಬೆಳಿಗ್ಗೆ ಒವಾದ್ಯ ಬರಲಿಲ್ಲ. ಚಾಪೆ, ಪಾತ್ರೆ, ರೊಟ್ಟಿ ಸುಡುವ ಹೆಂಚು ಎಲ್ಲವನ್ನೂ ದೋಣಿಗೆ ಹಾಕಿಕೊಂಡು, ಹೆಂಡತಿಯನ್ನು ಕೂರಿಸಿಕೊಂಡು, ಹೊಳೆಯ ಕೆಳಗಿನ ಊರಿಗೆ ಹೊರಟುಹೋದನೆಂದು ದಡದಲ್ಲಿದ್ದವರು ಹೇಳಿದರು.

*

ಸಬ್ಬತ್ ದಿನ ಗುರುಗಳು ಗೋಡೆ ಹಿಡಿದುಕೊಂಡು ಪ್ರಾರ್ಥನೆಯ ಮನೆಗೆ ಬಂದರು. ಮೆಟ್ಟಿಲ ಹತ್ತಿರ ನಿಂತರು.

"ಒವಾದ್ಯ ಎಲ್ಲಿ?"

ನಫ್ತಾಲಿ ಎಲ್ಲವನ್ನೂ ಹೇಳಿದ. ಮೊದಲೇ ಹೇಳಿದೆನಲ್ಲ, ಅವನಿಗೆ ಸುಳ್ಳು ಬರುತ್ತಿರಲಿಲ್ಲ.

"ಕದ್ದಿಶ್ ಒಂದು ದಿನವೂ ಆಗಲಿಲ್ವಾ?"

"ಇಲ್ಲ."

"ಬಿಡುಗಡೆಯಾದವನ ವಿಷಯ ಶಾಸ್ತ್ರದಲ್ಲಿ ಓದಿದ್ದೆ ನೀನು."

"ಓದಿದ್ದೆ."

"ಅವತ್ತು ನೆನಪಿತ್ತಾ?"

"ನೆನಪಿತ್ತು. ಚಿಕ್ಕಪ್ಪ ಕೂತಿದ್ರು."

ಗುರುಗಳು ಬೈದಿದ್ದರೆ ನಫ್ತಾಲಿಗೆ ಎಷ್ಟೋ ಹಗುರಾಗುತ್ತಿತ್ತು. ಅವರು ಚಪ್ಪಲಿ ಬಿಟ್ಟರು. ಒಂದು ಕೈಯನ್ನು ನೆಲಕ್ಕೆ ಊರಿ, ಮೆಲ್ಲಗೆ ಬಗ್ಗಿ, ಚಪ್ಪಲಿಗಳ ಮಧ್ಯೆ ಕೂತರು.

ಒಳಗಿದ್ದವರು ಕಾದರು. ಕೊನೆಗೆ ಅಜಾರ್ಯ ಬಾಗಿಲಿಗೆ ಬಂದ.

"ಒಳಗೆ ಬನ್ನಿ ಗುರುಗಳೇ. ನೀವಿಲ್ಲದೆ ಹತ್ತು ಆಗಲ್ಲ. ಸುರುಳಿ ತೆಗೆಯೋ ಹಾಗಿಲ್ಲ."

"ನಾನು ಇಲ್ಲೇ ಇದೀನಲ್ಲ."

"ಮೆಟ್ಟಿಲ ಮೇಲೆ ಕೂತವರು ಲೆಕ್ಕಕ್ಕೆ ಬರಲ್ಲ. ನಿಮಗೆ ಗೊತ್ತಿಲ್ವಾ?"

"ಗೊತ್ತಿಲ್ದೆ ಏನು? ಮೂವತ್ತು ವರ್ಷ ನಾನೇ ಹಾಗೆ ಲೆಕ್ಕ ಹಾಕಿದೀನಿ."

ಅಜಾರ್ಯನ ಮುಖ ಕೆಂಪಾಯಿತು. "ಹಿಂದಿನಿಂದ ನಡೆದುಬಂದದ್ದು ಇದು. ನೀವೂ ನಡೆಸಿದ್ದೀರಿ. ಈಗ ಯಾರ ಮೇಲೆ ಸಿಟ್ಟು?"

"ಅದೇ ನಡೆಸಿದವನ ಮೇಲೆ," ಎಂದರು ಗುರುಗಳು.

ಅವತ್ತು ಸುರುಳಿ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ. ನಮ್ಮನ್ನು ಆರಿಸಿಕೊಂಡವನಿಗೆ ಸ್ತೋತ್ರ ಎಂದು ಹೇಳುವವರಿರಲಿಲ್ಲ. ಒಳಗಿದ್ದವರು ಅಲ್ಲಲ್ಲೇ ತಮ್ಮತಮ್ಮಷ್ಟಕ್ಕೆ ಪ್ರಾರ್ಥನೆ ಗೊಣಗಿಕೊಂಡು, ಗುರುಗಳ ಪಕ್ಕದಿಂದ ಚಪ್ಪಲಿ ತೆಗೆದುಕೊಂಡು, ಅವರನ್ನು ನೋಡದೆ ಮನೆಗೆ ಹೋದರು.

*

ಮರುದಿನ ನಫ್ತಾಲಿ ದೋಣಿ ಮಾಡಿಕೊಂಡು ಕೆಳಗಿನ ಊರಿಗೆ ಹೋದ.

ಒವಾದ್ಯ ದಡದಲ್ಲಿ ಒಂದು ದೋಣಿಯನ್ನು ಕವುಚಿ ಹಾಕಿ ಅದರ ಬಿರುಕಿಗೆ ನಾರು ತುಂಬುತ್ತಿದ್ದ. ತಲೆ ಎತ್ತಲಿಲ್ಲ.

"ವಾಪಸ್ ಬಾ ಒವಾದ್ಯಣ್ಣ. ಇನ್ಮೇಲೆ ನಿನ್ನನ್ನ ಲೆಕ್ಕಕ್ಕೆ ಸೇರಿಸ್ತೀನಿ. ಚಿಕ್ಕಪ್ಪ ಏನಾದ್ರೂ ಅನ್ನಲಿ."

"ಗುರುಗಳು ಹೊರಗೆ ಕೂತಿದಾರಂತೆ?"

"ಹೌದು. ಪ್ರಾರ್ಥನೆಗೆ ಜನ ಸಾಲ್ತಾ ಇಲ್ಲ."

ಒವಾದ್ಯ ಈಗ ತಲೆ ಎತ್ತಿದ. "ನೀನು ಬಂದಿದ್ದು ಯಾರಿಗೋಸ್ಕರ ಹೇಳು. ನಮ್ಮವ್ವನಿಗೋಸ್ಕರಾನಾ, ನಿಮ್ಮ ಹತ್ತನೇ ಜಾಗಕ್ಕೋಸ್ಕರಾನಾ?"

ನಫ್ತಾಲಿ ಕವುಚಿದ ದೋಣಿಯನ್ನು ನೋಡಿದ.

"ಅವಳ ಕೈಯಿಂದ ರೊಟ್ಟಿ ತಿಂದವನು ನೀನು," ಎಂದ ಒವಾದ್ಯ. "ಆ ಮುದಿ ಅಜಾರ್ಯ ಹಾಗೆ ಮಾಡಿದ್ರೆ ನಾನು ಒಂದು ಸಲ ಉಗಿದು ಸುಮ್ನಾಗ್ತಿದ್ದೆ. ನೀನು ಮಾಡಿದೆಯಲ್ಲೋ. ಹೋಗು, ಕೆಲಸ ಇದೆ ನನಗೆ."

ಅವನು ಮತ್ತೆ ನಾರು ತುಂಬತೊಡಗಿದ. ನಫ್ತಾಲಿ ವಾಪಸ್ ಬಂದ.

ಗುರುಗಳು ಮೆಟ್ಟಿಲ ಮೇಲೇ ಇದ್ದರು.

"ಏನು ಹೇಳಿದೆ ಅವನಿಗೆ?"

"ಬಾ, ನಿನ್ನನ್ನ ಲೆಕ್ಕಕ್ಕೆ ಸೇರಿಸ್ತೀನಿ ಅಂದೆ."

"ಹೂಂ," ಎಂದರು ಗುರುಗಳು. "ಅಂದ್ರೆ ಎಣಿಸುವವನು ಇನ್ನೂ ನೀನೇ."

ನಫ್ತಾಲಿಗೆ ಕಣ್ಣಲ್ಲಿ ನೀರು ಬಂತು. "ಹಾಗಾದ್ರೆ ನಾನೇನು ಮಾಡಲಿ?"

"ನನಗೆ ಗೊತ್ತಿದ್ದಿದ್ರೆ ಮೂವತ್ತು ವರ್ಷದ ಹಿಂದೆ ಮಾಡ್ತಿದ್ದೆ."

*

ಎರಡು ದಿನ ನಫ್ತಾಲಿ ಮನೆಯಿಂದ ಹೊರಬರಲಿಲ್ಲ. ಅನ್ನ ಸೇರಲಿಲ್ಲ. ಮುರಿದ ರೊಟ್ಟಿಗಳು ನೆನಪಾಗುತ್ತಿದ್ದವು.

ಮೂರನೆಯ ದಿನ ಬೆಳಕು ಹರಿಯುತ್ತಿದ್ದಂತೆ ಮತ್ತೆ ಕೆಳಗಿನ ಊರಿಗೆ ಹೋದ. ಈ ಸಲ ಒವಾದ್ಯನ ಮನೆಗೆ ಹೋಗಲಿಲ್ಲ. ಅಲ್ಲಿಯ ಯೆಹೂದಿ ದೋಣಿಯವರದ್ದೂ ಒಂದು ಪ್ರಾರ್ಥನೆಯ ಮನೆ ಇತ್ತು, ಮಣ್ಣಿನ ಗೋಡೆಯದ್ದು, ಹೆಂಚು ಅಲ್ಲಲ್ಲಿ ಜಾರಿದ್ದು. ಅಲ್ಲಿಗೆ ಹೋದ.

ಹದಿನೈದೋ ಇಪ್ಪತ್ತೋ ಜನ ಆಗಲೇ ಸೇರಿದ್ದರು. ಎಣಿಸುವ ಅಗತ್ಯವೇ ಇರಲಿಲ್ಲ. ಮೆಣಸಿನ ಮಂಡಿಯ ಮನೆಯವನು ಬಂದ ಎಂದು ಯಾರೂ ದಾರಿ ಬಿಡಲಿಲ್ಲ. ಅವನು ಬಂದದ್ದರಿಂದ ಅಲ್ಲಿ ಯಾವುದೂ ಪೂರ್ತಿಯಾಗುವಂತಿರಲಿಲ್ಲ, ಹೋದರೆ ಯಾವುದೂ ಕಮ್ಮಿಯಾಗುವಂತಿರಲಿಲ್ಲ. ಹುಟ್ಟಿದಂದಿನಿಂದ ಅವನಿಗೆ ಇಂಥದ್ದು ಗೊತ್ತಿರಲಿಲ್ಲ.

ಅವನು ಚಪ್ಪಲಿ ಬಿಟ್ಟ. ಒಳಗೆ ಹೋಗಲು ಕಾಲು ಬರಲಿಲ್ಲ. ಬಾಗಿಲ ಹೊರಗೆ, ಕೆಸರು ಮೆತ್ತಿದ ಚಪ್ಪಲಿಗಳ ಮಧ್ಯೆ ಕೂತ.

ಕೂತಮೇಲೆ ಗೊತ್ತಾಯಿತು, ಅಲ್ಲಿಂದ ಒಳಗಿನವರ ಬೆನ್ನು ಮಾತ್ರ ಕಾಣುತ್ತದೆ. ಅರ್ಧ ಮಾತು ಕೇಳಿಸುತ್ತದೆ, ಅರ್ಧವನ್ನು ತಾನೇ ತುಂಬಿಕೊಳ್ಳಬೇಕು. ನೊಣಗಳು ಬಹಳ. ಇಂಥ ಜಾಗದಲ್ಲಿ ಒಬ್ಬ ಮನುಷ್ಯ ಜೀವಮಾನವಿಡೀ ಕೂತಿದ್ದ, ಕೆಮ್ಮಿದರೆ ನಾವು ತಿರುಗಿ ನೋಡುತ್ತಿದ್ದೆವು ಎಂದುಕೊಂಡ. ಅವನಿಗೆ ಬಹಳ ನಾಚಿಕೆಯಾಯಿತು.

ಕೊನೆಗೆ ಒವಾದ್ಯನ ದನಿ ಕೇಳಿಸಿತು. ಕದ್ದಿಶ್ ಹೇಳುತ್ತಿದ್ದ. ಓದು ಅಷ್ಟು ಚೆನ್ನಾಗಿ ಬಾರದವನು, ಒಂದೆರಡು ಕಡೆ ಎಡವಿದ. ನಫ್ತಾಲಿ ಹೊರಗಿನಿಂದಲೇ ಆಮೆನ್ ಅಂದ. ಅನ್ನಬೇಕಾದ ಕಡೆಯೆಲ್ಲ ಅಂದ.

ಪ್ರಾರ್ಥನೆ ಮುಗಿದು ಜನ ಹೊರಗೆ ಬಂದರು. ಒವಾದ್ಯನೂ ಬಂದ. ಬಾಗಿಲಲ್ಲಿ ನಿಂತು ಅವನನ್ನು ನೋಡಿದ.

"ಏಳು," ಎಂದ. "ನನ್ನ ಚಪ್ಪಲಿ ಮೇಲೆ ಕೂತಿದೀಯ."

ನಫ್ತಾಲಿ ಗಡಬಡಿಸಿ ಎದ್ದ. ಒವಾದ್ಯ ಚಪ್ಪಲಿ ಎತ್ತಿಕೊಂಡು, ಮಣ್ಣು ಕೊಡವಿ, ಕಾಲಿಗೆ ಹಾಕಿಕೊಂಡ. ನಾಲ್ಕು ಹೆಜ್ಜೆ ಹೋದವನು ತಿರುಗದೆಯೇ ಹೇಳಿದ:

"ನೀನು ಆಮೆನ್ ಅಂದಿದ್ದು ಒಳಗೆ ಕೇಳಿಸ್ತು."

ಅಷ್ಟೇ. ಕ್ಷಮಿಸಿದೆ ಎಂದು ಅವನು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಪ್ರಯಾಣ ಮಾಡಬಾರದ ಸಬ್ಬತ್ ಬಿಟ್ಟು ಉಳಿದ ದಿನಗಳಲ್ಲಿ ನಫ್ತಾಲಿ ಬೆಳಿಗ್ಗೆ ಹೊಳೆ ಇಳಿದು ಹೋಗುವುದನ್ನು ರೂಢಿ ಮಾಡಿಕೊಂಡ. ಮಲ್ಕಾ ಅಜ್ಜಿಯ ತಿಂಗಳುಗಳು ಮುಗಿಯುವವರೆಗೂ ಹೋದ. ಒಳಗೆ ಬಾ ಎಂದು ಅಲ್ಲಿಯ ಜನ ಎಷ್ಟೋ ಸಲ ಕರೆದರು, ಪಾಪದವರು. ಅವನು ಹೊರಗೇ ಕೂತ. ಆ ಮೊದಲ ದಿನಗಳು ಮಾತ್ರ ಹಾಗೇ ಉಳಿದವು, ಯಾವ ಪ್ರಾರ್ಥನೆಯೂ ಇಲ್ಲದೆ. ಅವನ್ನು ತುಂಬಿಕೊಡುವುದು ಯಾರ ಕೈಯಲ್ಲೂ ಇರಲಿಲ್ಲ.

*

ಒವಾದ್ಯ ವಾಪಸ್ ಬರಲಿಲ್ಲ.

ಹಡಗಿನವರಲ್ಲಿ ಇನ್ನೂ ಕೆಲವರು ಮತ್ತೆ ಹಡಗು ಹತ್ತಿದರು. ಅಜಾರ್ಯ ಮಗಳ ಊರಿಗೆ ಹೋದ. ಹೋಗುವ ದಿನ ಅವನು ಪ್ರಾರ್ಥನೆಯ ಮನೆಯ ಮುಂದೆ ಬಂದು, ಗುರುಗಳ ಹತ್ತಿರ ನಿಂತು, ಏನೋ ಹೇಳಲು ನೋಡಿ, ಉಗುರು ನೋಡಿಕೊಂಡು, ಹೊರಟುಹೋದ. ಪಾಪ, ಅವನಿಗೂ ಏನಾದರೂ ಅನಿಸಿರಬೇಕು.

ಬಾಗಿಲಿಗೆ ಬೀಗ ಬಿತ್ತು. ಒಳಗಿನ ದೀಪಗಳಿಗೆ ಎಣ್ಣೆ ಹಾಕುವವರಿಲ್ಲ. ಆ ವರ್ಷ ಪಸ್ಕದ ರೊಟ್ಟಿ ಬೇರೆ ಊರಿನಿಂದ ಬಂತು, ಒಂದೂ ಮುರಿದಿರಲಿಲ್ಲ.

ಗುರುಗಳು ಮಾತ್ರ ದಿನಾ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಈಗ ಅಲ್ಲಿ ಅವರದ್ದು ಬಿಟ್ಟರೆ ಬೇರೆ ಚಪ್ಪಲಿ ಇರುತ್ತಿರಲಿಲ್ಲ.

ಕದ್ದಿಶ್‌ನ ಕೊನೆಯ ದಿನ ಮುಗಿಸಿ ನಫ್ತಾಲಿ ಅಲ್ಲಿಗೆ ಬಂದ. ಚಪ್ಪಲಿ ಬಿಟ್ಟು ಅವರ ಪಕ್ಕದಲ್ಲಿ ಕೂತ.

"ಇವತ್ತಿಗೆ ಮುಗೀತು," ಎಂದ.

"ಒವಾದ್ಯ ಏನಾದ್ರೂ ಅಂದನಾ?"

"ನಾಳೆಯಿಂದ ಬರಬೇಡ, ಇನ್ನು ಕೆಲಸ ಇಲ್ಲ ಅಂದ. ಆಮೇಲೆ ಒಂದು ರೊಟ್ಟಿ ಕೊಟ್ಟ."

"ಅವಳ ಹೆಂಚಿನದ್ದಾ?"

"ಹೌದು."

ನಫ್ತಾಲಿ ಸೊಂಟದ ಬಟ್ಟೆಯಿಂದ ರೊಟ್ಟಿ ತೆಗೆದು ಮುರಿದ. ಇಬ್ಬರೂ ತಿಂದರು.

"ಗುರುಗಳೇ, ಅವತ್ತು ನಾನು ಕೇಳಿದ್ದಕ್ಕೆ ನೀವು ಉತ್ತರ ಹೇಳಲೇ ಇಲ್ಲ."

"ಯಾವುದಕ್ಕೆ?"

"ದೇವರು ನಮ್ಮನ್ನೇ ಯಾಕೆ ಆರಿಸಿದ ಅಂತ."

ಗುರುಗಳು ಕೈಯಲ್ಲಿದ್ದ ಕೊನೆಯ ಚೂರನ್ನು ನೋಡಿದರು. ಆಮೇಲೆ ಹಿಂದಿನ ಬೀಗ ಹಾಕಿದ ಬಾಗಿಲನ್ನು ನೋಡಿದರು.

"ಅವನು ಈಜಿಪ್ಟಿಗೆ ನಮ್ಮನ್ನ ಆರಿಸೋಕೆ ಬಂದ ದಿನ ನಾವು ಕೂತಿದ್ದದ್ದು ಇಂಥ ಮೆಟ್ಟಿಲ ಮೇಲೇ, ನಫ್ತಾಲಿ. ಆಮೇಲೂ ಅವನು ಇಲ್ಲೇ ಬಂದು ಹುಡುಕ್ತಾ ಇದ್ದ ಅಂತ ಕಾಣುತ್ತೆ. ನಾವು ಒಳಗಿದ್ವಿ."